ಅರ್ಥಶಾಸ್ತ್ರದ ವಿಷಪ್ರತೀಕಾರ: ಒಂದು ವಿಮರ್ಶೆ

ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಅಚ್ಚಿಗೆ ತಂದಂದಿನಿಂದ ಅದರ ರಾಜನೀತಿಯನ್ನು ಕುರಿತು ಬರೆದವರು ಬಹುಮಂದಿ, ಹದಿನಾಲ್ಕನೆಯ ಅಧಿಕರಣವಾದ ‘ಔಪನಿಷದಿಕ’ವನ್ನು ಕಡೆಯತನಕ ಓದಿದವರು ವಿರಳ. ಆದರೂ ಸಾಮೂಹಿಕ ಸಂಹಾರಾಸ್ತ್ರಗಳ ಮಾತು ಬಂದಾಗ, ಪ್ರಾಚೀನ ಭಾರತದ ಸೇನೆ ವಿಷಾನಿಲವನ್ನೆದುರಿಸಲು ಸನ್ನದ್ಧವಾಗಿತ್ತೆಂಬುದಕ್ಕೆ ಈ ಅಧಿಕರಣವನ್ನೇ ಸಾಕ್ಷಿಗೆ ಕರೆಯುವುದುಂಟು. ಇದರ ಯೋಗಗಳನ್ನು ರಕ್ಷಣಾ ಇಲಾಖೆಯ ಬೆಂಬಲದಿಂದ ಪುಣೆಯ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆಂದು 2002ರಲ್ಲಿ ವರದಿಯೂ ಆಗಿತ್ತು. ಸಾಕ್ಷ್ಯವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದೇ ನಮ್ಮ ಪ್ರಶ್ನೆ.

ಅಧಿಕರಣದ ಮೊದಲನೆಯ ಅಧ್ಯಾಯ ಶತ್ರುವನ್ನು ಕೊಲ್ಲುವ, ಕುರುಡಾಗಿಸುವ ಚೂರ್ಣ ಮತ್ತು ಧೂಮಗಳದು. ನಾಲ್ಕನೆಯದು ಸ್ವಸೈನ್ಯಕ್ಕೆ ತಗುಲಿದ ವಿಷದ ಪ್ರತೀಕಾರ. ಅಲ್ಲಿ ಶಿರೀಷ, ಪುನರ್ನವ ಮೊದಲಾದವುಗಳ ಕಷಾಯವನ್ನು ಹೇಳಿದ ಬಳಿಕ, ಔಷಧ ಲೇಪಿಸಿದ ವಾದ್ಯಗಳ ಧ್ವನಿ ವಿಷವನ್ನು ನಾಶಮಾಡುವುದೆಂದೂ, ಲೇಪಿಸಿದ ಧ್ವಜವನ್ನು ಕಂಡವನು ನಿರ್ವಿಷನಾಗುವನೆಂದೂ ಹೇಳಿದೆ. ರಾಯಾಪುರದ ನಮ್ಮ ವಾಚನಗೋಷ್ಠಿಯಲ್ಲಿ ತರುಣ ಮಿತ್ರರು ಇದಕ್ಕೆ ನಕ್ಕರು. ನಗು ಸಹಜ, ಆದರೆ ಇದೇ ಗ್ರಂಥದ ಮೊದಲನೆಯ ಅಧಿಕರಣದಲ್ಲಿ, ವಿಷಾನ್ನವನ್ನು ಬೆಂಕಿಗೆ ಹಾಕಿದರೆ ಜ್ವಾಲೆ ನೀಲಿಯಾಗುವುದೆಂದೂ ಅದನ್ನು ತಿಂದ ಹಕ್ಕಿ ಸಾಯುವುದೆಂದೂ ಇದೆಯಷ್ಟೆ. ಇದು ಕಣ್ಣಿಟ್ಟು ನೋಡಿದವರ ಮಾತು, ಅದು ನಂಬಿಕೆ. ಶಾಸ್ತ್ರಕಾರನು ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತಾನೆ. ಬೇರ್ಪಡಿಸುವ ಹೊಣೆ ಓದುವವನದು. ಮೇಲಾಗಿ ಶಾಸ್ತ್ರ ವಿಧಿಸಿದುದನ್ನೆಲ್ಲ ಸೇನೆ ಆಚರಿಸಿತೆಂದು ತಿಳಿಯುವುದು ಇತಿಹಾಸವಲ್ಲ.

ಅಭಿಮಾನಿಗಳು ಕೈಬಿಡುವ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಪ್ರತೀಕಾರಪ್ರಕರಣದ ಕೊನೆಯಲ್ಲಿ, ತನಗೂ ತನ್ನ ಸೈನ್ಯಕ್ಕೂ ರಕ್ಷಣೆಯನ್ನು ಮಾಡಿಕೊಂಡ ಮೇಲೆ ಶತ್ರುಗಳ ಮೇಲೆ ವಿಷಧೂಮವನ್ನೂ ಜಲದೂಷಣವನ್ನೂ ಪ್ರಯೋಗಿಸಬೇಕೆಂದು ವಿಧಿಯಿದೆ. ಎಂದರೆ ಇಲ್ಲಿ ರಕ್ಷಣೆಯು ಆಕ್ರಮಣದ ಮೊದಲ ಮೆಟ್ಟಿಲು. ಇದನ್ನು ಕೌಟಿಲ್ಯನೊಬ್ಬನ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. 1925ರ ಜಿನೀವಾ ಒಪ್ಪಂದವು ವಿಷಾನಿಲದ ಪ್ರಯೋಗವನ್ನು ನಿಷೇಧಿಸಿತೇ ಹೊರತು ಸಂಗ್ರಹವನ್ನಲ್ಲ. ಪ್ರತಿಪ್ರಯೋಗದ ಹಕ್ಕನ್ನು ಅನೇಕ ರಾಷ್ಟ್ರಗಳು ಕಾದಿರಿಸಿಕೊಂಡವು. ರಾಸಾಯನಿಕ ಅಸ್ತ್ರಗಳ ಸಂಪೂರ್ಣ ನಿಷೇಧವನ್ನು ಸಾರಿ ಪಾಕಿಸ್ತಾನದೊಡನೆ 1992ರಲ್ಲಿ ಜಂಟಿ ಘೋಷಣೆ ಮಾಡಿದ್ದ ಭಾರತವೂ 1997ರಲ್ಲಿ, ಹೊಸ ಅಂತರರಾಷ್ಟ್ರೀಯ ಒಡಂಬಡಿಕೆ ಜಾರಿಗೆ ಬಂದಾಗ, 1,044 ಟನ್ ಸಾಸಿವೆ ಅನಿಲದ ದಾಸ್ತಾನನ್ನು ತಿಳಿಸಿತು; 2009ರ ಹೊತ್ತಿಗೆ ಅದನ್ನೆಲ್ಲ ನಾಶಮಾಡಿತು. ಈ ಒಡಂಬಡಿಕೆಯು ಮುಖವಾಡ, ಪ್ರತಿವಿಷಗಳ ಸಂಶೋಧನೆಯನ್ನು ತಡೆಯುವುದಿಲ್ಲ. ಆದರೆ ತನ್ನ ರಕ್ಷಣಾ ಸಿದ್ಧತೆಯ ವಿವರವನ್ನು ಪ್ರತಿ ರಾಷ್ಟ್ರವೂ ವರ್ಷವರ್ಷವೂ ಒಪ್ಪಿಸಬೇಕೆಂದು ಅದರ ಹತ್ತನೆಯ ವಿಧಿಯು ಕೇಳುತ್ತದೆ. ಕವಚ ತೊಡುವವನನ್ನೂ ಲೆಕ್ಕ ಕೇಳುವುದೇಕೆಂಬುದಕ್ಕೆ ಔಪನಿಷದಿಕದ ಆ ಶ್ಲೋಕಕ್ಕಿಂತ ಸ್ಪಷ್ಟವಾದ ಭಾಷ್ಯವನ್ನು ನಾವು ಕಂಡಿಲ್ಲ.