‘ಅರ್ಧ ಸತ್ಯ’: ಒಂದು ವಿವೇಚನೆ



ಘೋರ ಅಪರಾಧವೊಂದರ ಸುದ್ದಿಯನ್ನು ಓದಿದೊಡನೆ ನಮ್ಮಲ್ಲಿ ಅನೇಕರ ಬಾಯಿಂದ ಹೊರಡುವ ಮಾತು ಒಂದೇ: “ನಮ್ಮ ಕಾನೂನು ತೀರ ಮೃದು, ಇಂದು ಹಿಡಿದವರನ್ನು ನಾಳೆ ಬಿಟ್ಟುಬಿಡುತ್ತಾರೆ. ಪೊಲೀಸರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ಎಲ್ಲವೂ ಸರಿಹೋದೀತು.” ಈ ಮಾತಿನಲ್ಲಿ ನೊಂದವರ ಪರವಾದ ಮರುಕವಿದೆ, ನ್ಯಾಯದ ಹಂಬಲವೂ ಇದೆ. ಆದರೆ ಇದು ಎಷ್ಟರಮಟ್ಟಿಗೆ ಸತ್ಯ? ಈ ಪ್ರಶ್ನೆಯನ್ನು ‘ಅರ್ಧ ಸತ್ಯ’ದಷ್ಟು ನಿಷ್ಠುರವಾಗಿ ಕೇಳಿದ ಚಲನಚಿತ್ರಗಳು ನಮ್ಮ ದೇಶದಲ್ಲಿ ವಿರಳ. ನಾಲ್ಕು ದಶಕಗಳು ಕಳೆದರೂ ಅದು ಹಳತಾಗಿಲ್ಲ.

1983ರಲ್ಲಿ ತೆರೆಕಂಡ ಈ ಹಿಂದೀ ಚಿತ್ರಕ್ಕೆ ಆಧಾರ ಎಸ್. ಡಿ. ಪಾನ್ವಲ್ಕರ್ ಅವರ ಮರಾಠೀ ಕಥೆ. ಚಿತ್ರಕಥೆ ವಿಜಯ ತೆಂಡೂಲ್ಕರರದು. ನಿರ್ದೇಶಕ ಗೋವಿಂದ ನಿಹಲಾನಿಯವರು ಛಾಯಾಗ್ರಹಣವನ್ನು ಅಭ್ಯಾಸ ಮಾಡಿದ್ದು ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ನಾಯಕ ಪಾತ್ರಕ್ಕಾಗಿ ಓಂ ಪುರಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಅನಂತ ವೇಲಣಕರ ಮುಂಬಯಿಯ ಸಬ್ ಇನ್ಸ್‌ಪೆಕ್ಟರ್. ತಂದೆಯೂ ಪೊಲೀಸ್ ಇಲಾಖೆಯಲ್ಲಿದ್ದವನೇ. ಆತ ತಾಯಿಯನ್ನು ಹೊಡೆಯುವುದನ್ನು ಬಾಲ್ಯದಲ್ಲಿ ಕಂಡು, ತಡೆಯಲಾರದೆ ನಿಂತಿದ್ದ ಮಗ, ಅದೇ ತಂದೆಯ ಒತ್ತಾಯದಿಂದಲೇ ಕಾಕಿ ತೊಟ್ಟಿದ್ದಾನೆ. ಆತ ಪ್ರಾಮಾಣಿಕ. ಪಾತಕಿ ರಾಮಾ ಶೆಟ್ಟಿಯ ಸಹಚರರನ್ನು ಬಂಧಿಸಿದರೆ ಬಿಡಬೇಕಾಗುತ್ತದೆ. ಶೆಟ್ಟಿಯನ್ನೇ ಹಿಡಿಯಹೋದರೆ ಮೇಲಿನಿಂದ ಒಂದು ದೂರವಾಣಿ ಕರೆ ಅವನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸುತ್ತದೆ. ಪ್ರಾಣವನ್ನು ಪಣವಾಗಿಟ್ಟು ಡಕಾಯಿತನನ್ನು ಹಿಡಿದರೆ ಕೀರ್ತಿ ಬೇರೊಬ್ಬ ಅಧಿಕಾರಿಗೆ ಸಲ್ಲುತ್ತದೆ. ಅವನ ಕೋಪ ನ್ಯಾಯವಾದದ್ದೇ.

ಆದರೆ ಆ ಕೋಪ ಎರಗಿದ್ದು ಯಾರ ಮೇಲೆ? ರೇಡಿಯೋ ಕದ್ದ ಒಬ್ಬ ಬಡ ಕಳ್ಳನ ಮೇಲೆ. ಕುಡಿದ ಮತ್ತಿನಲ್ಲಿ ವೇಲಣಕರ ಕೊಟ್ಟ ಹೊಡೆತಗಳಿಗೆ ಅವನು ಠಾಣೆಯಲ್ಲಿಯೇ ಸಾಯುತ್ತಾನೆ. ಇಡೀ ಚಿತ್ರದ ಅರ್ಥ ಈ ಒಂದು ಸನ್ನಿವೇಶದಲ್ಲಿದೆಯೆಂದು ನಾವು ಭಾವಿಸುತ್ತೇವೆ. ಕಾನೂನು ಮೃದುವಾಗಿದೆ ಎಂಬುದು ಅರ್ಧ ಸತ್ಯ. ಅದು ಶೆಟ್ಟಿಯಂಥವನಿಗೆ ಮೃದು, ಹೇಳುವವರು ಕೇಳುವವರು ಇಲ್ಲದವನಿಗೆ ಕಠೋರ. ಹೀಗಿರುವಾಗ “ಪೊಲೀಸರ ಕೈ ಬಿಚ್ಚಿ” ಎಂದು ನಾವು ಕೂಗಿದರೆ, ಬಿಚ್ಚಿದ ಆ ಕೈ ಮೊದಲು ತಲಪುವುದು ಹತ್ತಿರದಲ್ಲಿರುವ ದುರ್ಬಲನನ್ನೇ.

ಇದು ಕೇವಲ ಕಥೆಯಲ್ಲ. 2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಅತ್ಯಾಚಾರ, ಕೊಲೆಗಳಿಂದ ದೇಶವೇ ತಲ್ಲಣಿಸಿತು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಬಲಿಯಾದಾಗ ಜನರು ಪೊಲೀಸರ ಮೇಲೆ ಹೂಮಳೆಗರೆದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್ಪೂರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಿತು. ಪೊಲೀಸರ ಹೇಳಿಕೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು ಎಂಬುದು ಅದರ ನಿರ್ಣಯ. ಆ ನಾಲ್ವರು ತಪ್ಪಿತಸ್ಥರೇ ಅಲ್ಲವೇ ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ವಿಚಾರಿಸಿ ಹೇಳಲಾರದು. ಹತಳಾದ ಆ ತರುಣಿಗೂ ಇದರಿಂದ ಅನ್ಯಾಯವೇ ಆಯಿತಲ್ಲವೆ?

ಹಾಗಾದರೆ ದಾರಿಯೇನು? 1996ರ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೆಲವು ನಿಯಮಗಳನ್ನು ವಿಧಿಸಿತು: ಬಂಧನದ ಪತ್ರವನ್ನು ಸಾಕ್ಷಿಸಮೇತ ಬರೆಯಬೇಕು, ಬಂಧುಗಳಿಗೆ ತಿಳಿಸಬೇಕು, 48 ಗಂಟೆಗಳಿಗೊಮ್ಮೆ ವೈದ್ಯಪರೀಕ್ಷೆ ಮಾಡಿಸಬೇಕು. 2006ರ ಪ್ರಕಾಶ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಯಿತು. ಠಾಣಾಧಿಕಾರಿಗಳನ್ನು ಮನಬಂದಂತೆ ವರ್ಗಾಯಿಸದೆ ಕನಿಷ್ಠ ಎರಡು ವರ್ಷಗಳ ಅವಧಿ ಕೊಡಬೇಕೆಂದಿತು. ಜೊತೆಯಲ್ಲಿಯೇ, ಪೊಲೀಸರ ಮೇಲಣ ದೂರುಗಳನ್ನು ವಿಚಾರಿಸಲು ರಾಜ್ಯಮಟ್ಟದಲ್ಲಿಯೂ ಜಿಲ್ಲೆಗಳಲ್ಲಿಯೂ ಪ್ರಾಧಿಕಾರಗಳಿರಬೇಕೆಂದಿತು. ಇವೆರಡನ್ನೂ ಕೂಡಿಸಿ ನೋಡಬೇಕು. ಮೊದಲನೆಯದು ಆ ದೂರವಾಣಿ ಕರೆಯಿಂದ ವೇಲಣಕರನನ್ನು ರಕ್ಷಿಸುವಂಥದು. ಎರಡನೆಯದು ವೇಲಣಕರನ ಕೈಯಿಂದ ಆ ಕಳ್ಳನನ್ನು ರಕ್ಷಿಸುವಂಥದು. ಸ್ವಾತಂತ್ರ್ಯವನ್ನು ಮಾತ್ರ ಕೇಳಿ ಹೊಣೆಗಾರಿಕೆಯನ್ನು ಮರೆಯುವ ವಾದ ಅರ್ಧ ಸತ್ಯ. ಪೊಲೀಸರನ್ನು ನಿಂದಿಸುತ್ತ ಅವರ ಮೇಲಿನ ಒತ್ತಡವನ್ನು ಕಾಣದ ವಾದವೂ ಅಷ್ಟೇ.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಸತ್ತ ಕಳ್ಳನ ಪಾಲಿಗೆ ಬಂದಿರುವುದು ಕೆಲವೇ ಕ್ಷಣಗಳು. ನಮ್ಮ ಅನುಕಂಪವೆಲ್ಲ ನಾಯಕನ ಕಡೆಗೇ ಹರಿಯುತ್ತದೆ. ಅಮಾನತುಗೊಂಡ ವೇಲಣಕರ ಕೊನೆಗೆ ನೆರವಿಗಾಗಿ ಶೆಟ್ಟಿಯ ಬಳಿಗೇ ಹೋಗಿ, ಅವನ ಅವಹೇಳನ ಸಹಿಸಲಾರದೆ ಕತ್ತು ಹಿಸುಕಿ ಕೊಲ್ಲುವಾಗ ಪ್ರೇಕ್ಷಕನಿಗೆ ಚಪ್ಪಾಳೆ ತಟ್ಟುವ ಆಸೆ ಮೂಡೀತು. ಆದರೆ ನಿಹಲಾನಿಯವರು ಅಲ್ಲಿಗೆ ನಿಲ್ಲಿಸುವುದಿಲ್ಲ. ನಾಯಕ ನೇರವಾಗಿ ಠಾಣೆಗೆ ಬಂದು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಕಾಕಿ ತೊಟ್ಟವನೂ ಕಾನೂನಿಗೆ ಉತ್ತರ ಹೇಳಲೇಬೇಕೆಂಬುದನ್ನು ಅವನೇ ಅಂಗೀಕರಿಸಿದಂತಾಯಿತು.

ವಾಚಕರು ಈ ಚಿತ್ರವನ್ನು ಒಮ್ಮೆ ಅವಶ್ಯವಾಗಿ ನೋಡಬೇಕು. ಮುಂದೆ ಅಂಥದೊಂದು ಸುದ್ದಿ ಕಿವಿಗೆ ಬಿದ್ದಾಗ, ಹೂವು ಹಿಡಿದು ಬೀದಿಗಿಳಿಯುವ ಮೊದಲು, ರೇಡಿಯೋ ಕದ್ದ ಆ ಮನುಷ್ಯನನ್ನು ನೆನೆಯಬೇಕು.