‘ಚೆಂದ ಇದೆ’ ಅಂದ್ರೆ ಸಾಕಾ?

ಹಳೆಯ ಬರಹ ನೋಡಿ ಹೊಸ ಅಚ್ಚಕ್ಷರ ಮಾಡಿದವರಿಗೆ ಮೊದಲು ಸಿಗುವ ಅಭಿಪ್ರಾಯ ಹೆಚ್ಚಾಗಿ ಒಂದೇ: ‘ಚೆಂದ ಇದೆ’. ಇದರಿಂದ ಏನೂ ಪ್ರಯೋಜನ ಇಲ್ಲ. ಎಲ್ಲಿ ತಿದ್ದಬೇಕು ಅನ್ನೋದನ್ನು ಈ ಮಾತು ಹೇಳುವುದಿಲ್ಲ.

ಇಂಗ್ಲೆಂಡಿನ ವಿಲಿಯಂ ಮಾರಿಸ್ ಕೆಲಸ ಮಾಡಿದ ರೀತಿ ನೋಡಿ. ಕೆಲ್ಮ್‌ಸ್ಕಾಟ್ ಪ್ರೆಸ್‌ನ ಮೊದಲ ಪುಸ್ತಕ 1891ರಲ್ಲಿ ಹೊರಬಂದಾಗ ಅವರಿಗೆ ಐವತ್ತು ದಾಟಿತ್ತು. 15ನೇ ಶತಮಾನದ ವೆನಿಸ್ ಮುದ್ರಕ ನಿಕೊಲಾ ಜೆನ್ಸನ್‌ನ ಅಕ್ಷರಗಳನ್ನು ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಮತ್ತೆ ಮತ್ತೆ ಬರೆದರು. ಆಮೇಲೆ ತಮ್ಮ ಚಿತ್ರವನ್ನು ಚಿಕ್ಕದು ಮಾಡಿ ನೋಡಿದರು. ಎಡ್ವರ್ಡ್ ಪ್ರಿನ್ಸ್ ಉಕ್ಕಿನಲ್ಲಿ ಕೊರೆದ ಅಕ್ಷರಕ್ಕೆ ದೀಪದ ಮಸಿ ಹಿಡಿಸಿ, ಕಾಗದದ ಮೇಲೆ ಒತ್ತಿ ಪರೀಕ್ಷಿಸುತ್ತಿದ್ದರು. ಆ ಚೂರುಗಳು ಬೆಂಕಿಪೊಟ್ಟಣದಲ್ಲಿ, ಪೊಟ್ಟಣ ಜೇಬಿನಲ್ಲಿ. ಮಾತಾಡ್ತಾ ಕೂತಾಗಲೂ ತೆಗೆದು ನೋಡುವುದು. ಸರಿ ಇಲ್ಲ ಅನ್ನಿಸಿದರೆ ಮತ್ತೆ ಕೊರೆಸುವುದು. ಪಕ್ಕದಲ್ಲಿ ಎಮರಿ ವಾಕರ್‌ನಂಥ ತಿಳಿದವರೂ ಇದ್ದರು.

1892ರ ‘ಟ್ರಾಯ್’ ಅಕ್ಷರಕ್ಕೆ ಜರ್ಮನಿಯ ಹಳೆಯ ಗಾಥಿಕ್ ಮಾದರಿ. ಗಾಥಿಕ್ ಓದೋಕಾಗಲ್ಲ ಅನ್ನೋ ದೂರು ಆಗಲೂ ಇತ್ತು. ಆ ದೂರನ್ನು ತೊಡೆದುಹಾಕಬೇಕು ಅಂತಲೇ ಮಾರಿಸ್ ಹಳಬರ ಸಂಕ್ಷೇಪಗಳನ್ನು ಬಿಟ್ಟರು, ಅಕ್ಷರಗಳನ್ನು ಅಂಟಿಸಿದ್ದು ತೀರಾ ಕಡಿಮೆ. ನನ್ನ ಮಟ್ಟಿಗೆ ಅರ್ಧ ಗೆದ್ದರು. ಸಣ್ಣಕ್ಷರಗಳು ಬಿಡಿಬಿಡಿಯಾಗಿ, ದುಂಡಗೆ ಕಾಣುತ್ತವೆ. ದೊಡ್ಡಕ್ಷರಗಳು ಮಾತ್ರ ಸಾಲಿನ ನಡುವೆ ಕಲ್ಲಿಟ್ಟ ಹಾಗೆ. ಚಾಸರ್ ಗ್ರಂಥಕ್ಕೆ ಅದು ತೀರಾ ದೊಡ್ಡದಾಯಿತು ಅಂತ 18 ಪಾಯಿಂಟಿನಿಂದ 12ಕ್ಕೆ ಇಳಿಸಿದರು. ಆದರೆ 1896ರ ಆ ಪುಸ್ತಕ ಕಾಗದದಲ್ಲಿ ಅಚ್ಚಾಗಿದ್ದು 425 ಪ್ರತಿ, ಬೆಲೆ 20 ಪೌಂಡ್. ಕೊಂಡವರು ಸಂಗ್ರಹಕಾರರು. ಸಮಾಜವಾದಿ ಮಾರಿಸ್‌ಗೆ ಸಾಮಾನ್ಯ ಓದುಗನ ಅಭಿಪ್ರಾಯ ಎಲ್ಲಿಂದ ಬರಬೇಕು?

ಈ ಪ್ರಶ್ನೆ ನಮಗೂ ಇದೆ, ಅದರಲ್ಲೂ ಹೊರನಾಡಿನಲ್ಲಿ. ಮುಂಬೈ, ಪುಣೆಯಲ್ಲಿ ಡಿಸೈನ್ ಓದುವ ಹುಡುಗಿಯೊಬ್ಬಳು ಹಳೆಗನ್ನಡ ಶಾಸನ ನೋಡಿ ಅಕ್ಷರ ಮಾಡಿದಳು ಅಂತಿಟ್ಕೊಳ್ಳಿ. ಕನ್ನಡ ಬಾರದ ಪರೀಕ್ಷಕರಿಗೆ ಅದು ದುಂಡು ದುಂಡಾದ ರಂಗೋಲಿ. ಹೊಗಳ್ತಾರೆ. ಆದರೆ ದ, ಧ, ಥ ಇವುಗಳ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕಿ. ಅದು ಮುಚ್ಚಿಹೋಗಿದ್ದು ಅವರಿಗೆ ಗೊತ್ತಾಗುವುದೇ ಇಲ್ಲ. ಇನ್ನೂ ಒಂದಿದೆ. ಎ-ಏ, ಒ-ಓ ಬೇರೆ ಬೇರೆ ಎಂದು ಗುರುತು ಹಾಕುವ ರೂಢಿ ಶಾಸನಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಕಲ್ಲಿಗೆ ನಿಷ್ಠರಾಗಿದ್ದರೆ ಬೆಳೆ, ಬೇಳೆ ಎರಡೂ ಒಂದೇ! ಮಾರಿಸ್ ಸಂಕ್ಷೇಪ ಬಿಟ್ಟ ಹಾಗೆ ಇಲ್ಲಿ ದೀರ್ಘ ಸೇರಿಸಲೇಬೇಕು. ಸೇರಿಸಿದ ಗುರುತು ಹಳೆಯ ಅಕ್ಷರದ ಮೈಗೆ ಹೊಂದುತ್ತಾ ಅನ್ನೋದೇ ನಿಜವಾದ ವಿನ್ಯಾಸದ ಸವಾಲು.

ಬೀದರ್‌ನ ಮಹಮೂದ್ ಗವಾನ್ ಮದ್ರಸಾದ ಹೆಂಚುಗಳ ಮೇಲಿನ ಬರಹ ಓದಲು ಬಾರದವರಿಗೂ ಖುಷಿ ಕೊಡುತ್ತೆ. ಗೋಡೆಗೆ ಅಷ್ಟು ಸಾಕು. ಪುಸ್ತಕದ ಅಕ್ಷರಕ್ಕೆ ಸಾಲದು.

ಹಾಗಾಗಿ ಹೊಸ ಅಕ್ಷರದಲ್ಲಿ ಹತ್ತು ಸಾಲು ಅಚ್ಚು ಹಾಕಿ, ಸಾಮಾನ್ಯ ಪುಸ್ತಕದ ಗಾತ್ರದಲ್ಲೇ, ಮನೆಯ ಹಿರಿಯರಿಗೂ ಕನ್ನಡ ಶಾಲೆಯ ಮಕ್ಕಳಿಗೂ ಕೊಡಿ. ಹೇಗಿದೆ ಅಂತ ಕೇಳಬೇಡಿ. ಗಟ್ಟಿಯಾಗಿ ಓದಿಸಿ, ನಾಲಿಗೆ ಎಲ್ಲಿ ತಡೆಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಒಂದೇ ಅಕ್ಷರದ ಮೇಲೆ ಮೂರು ಗುರುತು ಬಿತ್ತೋ, ಅದನ್ನು ಮತ್ತೆ ಬರೆಯಿರಿ.