ಶಾಯಿಸ್ತಾಳ ಬಾಣಂತನ ಯಾರ ಹೆಗಲಿಗೆ?

ತಾಜಮಹಲನ್ನು ಪ್ರೇಮದ ಸ್ಮಾರಕವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅದು ಹೆರಿಗೆಯಲ್ಲಿ ಜೀವ ಬಿಟ್ಟ ಹೆಣ್ಣೊಬ್ಬಳ ಗೋರಿ. ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ತನ್ನ 14ನೆಯ ಮಗುವನ್ನು ಹೆತ್ತು ತೀರಿಕೊಂಡಳು. ಬಾನು ಮುಷ್ತಾಕ್ ಅವರು ಬರೆದ ಶಾಯಿಸ್ತಾ ಮಹಲಿನ ಕತೆ ಓದಿದಾಗ ಈ ಸಂಗತಿ ಮತ್ತೆ ಕಾಡುತ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳ ಪೈಕಿ ಇದೇ ಮೊದಲನೆಯದು. ಇಫ್ತಿಕಾರ್ ತನ್ನ ಹೆಂಡತಿಗಾಗಿ ಮಹಲನ್ನೇ ಕಟ್ಟಿಸುವ ಮಾತಾಡುತ್ತಾನೆ. ಹಲವು ಮಕ್ಕಳ ತಾಯಿ ಶಾಯಿಸ್ತಾ ಇನ್ನೊಂದು ಹೆರಿಗೆಯ ಬಳಿಕ ಸಾಯುತ್ತಾಳೆ. ಹೆಚ್ಚು ದಿನ ಕಳೆಯುವ ಮೊದಲೇ ಅವನು ಮತ್ತೊಂದು ಮದುವೆಯಾಗುತ್ತಾನೆ.

ಈ ಕತೆಯ ಬಗ್ಗೆ ಮಾತಾಡುವವರು ಹೆಚ್ಚಾಗಿ ಗಂಡನ ಮರೆವನ್ನೇ ಎತ್ತಿ ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ಕತೆಯಲ್ಲಿ ಹಿರಿಯ ಮಗಳು ಆಸಿಫಾ ಇದ್ದಾಳೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಓದು ಬಿಟ್ಟವಳು. ನನ್ನ ಮಟ್ಟಿಗೆ ಕತೆಯ ನಡುಬಿಂದು ಅವಳು. ಇಫ್ತಿಕಾರನ ಮರುಮದುವೆಗೆ ಸಿಟ್ಟಾಗುವುದು ಸುಲಭ. ಆಸಿಫಾಳ ಬಗ್ಗೆ ಸಿಟ್ಟಾಗಲು ಹೋದರೆ ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಯಾಕೆಂದರೆ ಅವಳ ಶಾಲೆ ಬಿಡಿಸುವುದಕ್ಕೆ ಕೆಟ್ಟ ಮನುಷ್ಯರೇ ಬೇಕೆಂದಿಲ್ಲ. 'ಮನೆಯಲ್ಲಿ ದೊಡ್ಡ ಮಗಳಿದ್ದಾಳಲ್ಲ, ಇನ್ಯಾಕೆ ಬೇರೆಯವರು' ಎನ್ನುವ ಒಂದು ಮಾತು ಸಾಕು.

ಬಾಣಂತನವೆಂದರೆ ನಮಗೆ ವಾತ್ಸಲ್ಯ, ತವರು, ಎಣ್ಣೆ ನೀರು, ಲೇಹ್ಯ. ಅದರೊಳಗೆ ಎಷ್ಟು ದುಡಿಮೆ ಇದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಹಂಡೆ ನೀರು ಕಾಯಿಸಬೇಕು, ತಾಯಿಗೂ ಮಗುವಿಗೂ ಬೇರೆ ಬೇರೆ ಸ್ನಾನ ಮಾಡಿಸಬೇಕು, ಪಥ್ಯದ ಅಡುಗೆ ಬೇರೆ ಆಗಬೇಕು, ದಿನವಿಡೀ ಬಟ್ಟೆ ಒಗೆಯಬೇಕು, ರಾತ್ರಿ ನಾಲ್ಕೈದು ಸಲ ಏಳಬೇಕು. 40 ದಿನ ಇದನ್ನು ಮಾಡುವವಳು ಸಾಮಾನ್ಯವಾಗಿ ಬಾಣಂತಿಯ ತಾಯಿ. ಇಂದು ಆ ತಾಯಿಗೆ ಮಂಡಿನೋವು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ನೌಕರಿಯೂ ಇರಬಹುದು. ಹಿಂದೆ ಊರಿನ ಸೂಲಗಿತ್ತಿಯೋ ಮೀಯಿಸಲು ಬರುವ ಹೆಂಗಸೋ ಕೈಗೂಡಿಸುತ್ತಿದ್ದರು. ಅವರಿಗೆ ಒಂದು ಸೀರೆ, ಒಂದಿಷ್ಟು ಅಕ್ಕಿ, ಚಿಲ್ಲರೆ ಹಣ ಸಿಗುತ್ತಿತ್ತು. ಅದನ್ನು ಕೂಲಿ ಎನ್ನದೆ ಖುಷಿಗೆ ಕೊಟ್ಟದ್ದು ಎನ್ನುತ್ತಿದ್ದೆವು.

ಈಗ ಸಂಬಳ ಕೊಟ್ಟು ಹೋಮ್ ನರ್ಸನ್ನೋ ಆಯಾಳನ್ನೋ ಕರೆಸಿಕೊಳ್ಳುವ ಮನೆಗಳು ಹೆಚ್ಚುತ್ತಿವೆ. ಕರೆಸಿಕೊಂಡವರು ಅದನ್ನು ತುಸು ಅಳುಕಿನಿಂದಲೇ ಹೇಳಿಕೊಳ್ಳುತ್ತಾರೆ. ನೆರೆಯವರು ಕೇಳುತ್ತಾರೆ, 'ತಾಯಿ ಬರಲಿಲ್ಲವಾ? ಅತ್ತೆಗೆ ಆಗುವುದಿಲ್ಲವಾ?' ಹಣ ಕೊಟ್ಟು ಆರೈಕೆ ಪಡೆಯುವುದು ಕುಟುಂಬ ಸೋತುದರ ಗುರುತು ಎಂಬಂತಿದೆ ಈ ಪ್ರಶ್ನೆ. ಧರ್ಮದ ಹೆಸರಿನಲ್ಲಿ ಈ ಅಳುಕನ್ನು ಬಲಪಡಿಸುವವರೂ ಇದ್ದಾರೆ.

ಆದರೆ ಕುರ್‌ಆನ್ ಏನನ್ನುತ್ತದೆ? ಅಲ್ ಬಕರ ಅಧ್ಯಾಯದ 233ನೆಯ ಸೂಕ್ತ ಹಾಲೂಡಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನು ತಂದೆ ತಾಯಿ ಇಬ್ಬರೂ ಸಮಾಲೋಚಿಸಿ ಒಪ್ಪಿ ಕೈಗೊಳ್ಳಬೇಕೆನ್ನುತ್ತದೆ. ಬೇರೊಬ್ಬಳಿಂದ ಹಾಲೂಡಿಸುವುದರಲ್ಲಿ ದೋಷವಿಲ್ಲ, ಆದರೆ ನ್ಯಾಯವಾಗಿ ಕೊಡಬೇಕಾದ್ದನ್ನು ಕೊಟ್ಟಿರಬೇಕು ಎಂಬ ಷರತ್ತು ಹಾಕುತ್ತದೆ. ಅತ್ತಲಾಕ್ ಅಧ್ಯಾಯದ 6ನೆಯ ಸೂಕ್ತ ಇನ್ನೂ ಮುಂದೆ ಹೋಗಿ, ವಿಚ್ಛೇದಿತ ಪತ್ನಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಹಾಲೂಡಿಸಿದರೂ ಅವಳಿಗೆ ಪ್ರತಿಫಲ ಕೊಡಬೇಕೆನ್ನುತ್ತದೆ. ಪ್ರವಾದಿ ಮುಹಮ್ಮದ್(ಸ)ರೇ ಬನೂ ಸಅದ್ ಬುಡಕಟ್ಟಿನ ಹಲೀಮಾರ ಮಡಿಲಲ್ಲಿ ಹಾಲುಂಡು ಬೆಳೆದವರು. ಮಗುವಿನ ಆರೈಕೆ ದುಡಿಮೆಯೂ ಹೌದು, ಅದಕ್ಕೆ ಕೂಲಿ ಕೊಡುವುದರಿಂದ ಪ್ರೀತಿಗೆ ಕುಂದಿಲ್ಲ ಎಂಬುದು ಇದರಿಂದ ಸ್ಪಷ್ಟ. ಇಲ್ಲಿ ಎರಡು ಮಾತುಗಳಿವೆ: ತಾಯಿಯ ಒಪ್ಪಿಗೆ ಮತ್ತು ನ್ಯಾಯದ ಸಂಬಳ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇವೆರಡೇ.

ಮೊದಲು ಒಪ್ಪಿಗೆಯ ವಿಷಯ. ಆರೈಕೆಗೆ ಬರುವವಳನ್ನು ಆರಿಸುವವರು ಅತ್ತೆ, ಗಂಡ, ಇಲ್ಲವೇ ಏಜೆನ್ಸಿಯವರು. ಯಾರ ಮೈ ಮುಟ್ಟಿ ಮೀಯಿಸಬೇಕೋ ಅವಳನ್ನು ಯಾರೂ ಕೇಳುವುದಿಲ್ಲ. ಏಳನೆಯ ತಿಂಗಳಲ್ಲೇ ಹುಡುಕಾಟ ಶುರುಮಾಡಿ, ಬರುವವಳನ್ನು ಒಮ್ಮೆ ಮನೆಗೆ ಕರೆದು, ಬಸುರಿಯೇ ಅವಳೊಡನೆ ಕೂತು ಮಾತಾಡುವುದು ಒಳ್ಳೆಯದು. ಹೋಮ್ ನರ್ಸ್ ಎಂಬ ಹೆಸರಿದ್ದ ಮಾತ್ರಕ್ಕೆ ಅವಳು ನರ್ಸಿಂಗ್ ಓದಿದವಳೆಂದಲ್ಲ. ಓದಿದ್ದೇನೆ ಎಂದರೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆಯೇ ಎಂದು ಕೇಳಬಹುದು. ಓದದಿದ್ದರೆ ಅದೇನೂ ಅವಮಾನವಲ್ಲ, ಹತ್ತು ಮನೆಗಳ ಅನುಭವ ದೊಡ್ಡದೇ. ಆದರೆ ಔಷಧಿ, ಇಂಜೆಕ್ಷನ್, ಸಿಸೇರಿಯನ್ ಗಾಯದ ಡ್ರೆಸ್ಸಿಂಗ್ ಅವಳ ಕೈಗೆ ಒಪ್ಪಿಸಬಾರದು.

ಅನುಭವಕ್ಕಿಂತಲೂ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ: 'ಯಾವಾಗ ಆಸ್ಪತ್ರೆಗೆ ಹೋಗೋಣ ಎನ್ನುತ್ತೀ?' ತಾಯಿಗೆ ರಕ್ತಸ್ರಾವ ಹೆಚ್ಚಾದರೆ, ಜ್ವರ ಬಂದರೆ, ಫಿಟ್ಸ್ ಕಾಣಿಸಿದರೆ, ಮಗು ಹಾಲು ಚೀಪುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಕಾಯಬಾರದು ಎಂದು ತಿಳಿದವಳೇ ಯೋಗ್ಯಳು. ಮೊದಲ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವವಳು, ಬಾಣಂತಿಗೆ ನೀರು ಕೊಡಬೇಡಿ ಎನ್ನುವವಳು, ಕೂಸಿನ ಕಿವಿ ಮೂಗಿಗೆ ಎಣ್ಣೆ ಬಿಡುವವಳು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವವಳು ಎಷ್ಟೇ ಹೆಸರು ಮಾಡಿದ್ದರೂ ಬೇಡ. ಇನ್ನೊಂದು ಮಾತು. ಹೆತ್ತ ಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಅದು ಎರಡು ವಾರ ದಾಟಿಯೂ ನಿಲ್ಲದಿದ್ದರೆ ಡಾಕ್ಟರರ ಬಳಿ ಹೋಗಬೇಕಾದ ಕಾಯಿಲೆ. ಅದನ್ನು ಗಾಳಿ ಸೋಂಕು ಎಂದು ತಳ್ಳಿಹಾಕದವಳು ಮನೆಯಲ್ಲಿದ್ದರೆ ಒಂದು ಜೀವ ಉಳಿದೀತು.

ಇನ್ನು ಸಂಬಳದ ವಿಷಯ. ಏಜೆನ್ಸಿಗೆ ನಾವು ಕೊಡುವ ಹಣದಲ್ಲಿ ಅವಳ ಕೈಗೆ ಸೇರುವುದೆಷ್ಟು ಎಂದು ಕೇಳುವವರು ವಿರಳ. ಮೀಯಿಸಲು ಬಂದವಳಿಂದ ಮನೆಮಂದಿಯ ಅಡುಗೆಯನ್ನೂ ಮಾಡಿಸುತ್ತೇವೆ. ರಾತ್ರಿ ಮಗುವಿನ ಜೊತೆ ಎದ್ದವಳಿಗೆ ಹಗಲು ಮಲಗಲು ಬಿಡುವುದಿಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವಚನವನ್ನು ವೇದಿಕೆಯಲ್ಲಿ ಹೇಳುವ ನಾವು ಮನೆಯೊಳಗೆ ಅದನ್ನು ಮರೆಯುತ್ತೇವೆ. ಕೆಲಸವೇನು, ಗಂಟೆಗಳೆಷ್ಟು, ನಿದ್ದೆ ಯಾವಾಗ, ವಾರದ ರಜೆ ಯಾವ ದಿನ, ಮಲಗುವುದೆಲ್ಲಿ, ಸಂಬಳವೆಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಎರಡೂ ಕಡೆಗೆ ನೆಮ್ಮದಿ. ಅವಳಿಗೂ ಮನೆಯಲ್ಲಿ ಒಂದು ಆಸಿಫಾ ಇರಬಹುದು ಎಂಬುದೂ ನೆನಪಿರಲಿ. ನಮ್ಮ ಮಗುವನ್ನು ಎತ್ತಿಕೊಂಡವಳ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬ ಹುಡುಗಿ ಶಾಲೆ ಬಿಟ್ಟರೆ ನಾವು ಸಮಸ್ಯೆಯನ್ನು ಬಡವರ ಮನೆಗೆ ದಾಟಿಸಿದೆವು, ಅಷ್ಟೇ.

ಎಲ್ಲರಿಗೂ ಸಂಬಳ ಕೊಡುವ ಶಕ್ತಿ ಇಲ್ಲ ಎಂಬುದು ನಿಜ. ಹಾಗಾಗಿ ಇದು ಮನೆಯ ಪ್ರಶ್ನೆ ಮಾತ್ರವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಗೆಯಾದ ಮೊದಲ ದಿನಗಳಲ್ಲಿ ತರಬೇತಾದ ಸಹಾಯಕಿ ಮನೆಗೇ ಬರುತ್ತಾಳೆ. ಆರೋಗ್ಯ ವಿಮೆ ಅದನ್ನು ಭರಿಸುತ್ತದೆ, ಮನೆಯವರು ಗಂಟೆಗೆ ಒಂದಿಷ್ಟು ಪಾಲು ಕೊಡುತ್ತಾರೆ. ನಮ್ಮಲ್ಲಿ ಇದಕ್ಕೆ ತುಸು ಹತ್ತಿರ ಇರುವವಳು ಆಶಾ ಕಾರ್ಯಕರ್ತೆ. 2011ರಲ್ಲಿ ಶುರುವಾದ ಯೋಜನೆಯಂತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಅವಳು 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಸಲ ಬರಬೇಕು. ಅಷ್ಟಕ್ಕೂ ಸೇರಿ ಆಗ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಅವಳು ಮಗುವಿನ ತೂಕ ನೋಡುತ್ತಾಳೆ, ಅಪಾಯದ ಚಿಹ್ನೆ ಗುರುತಿಸುತ್ತಾಳೆ. ಬಟ್ಟೆ ಒಗೆಯುವುದು, ರಾತ್ರಿ ಏಳುವುದು ಅವಳ ಕೆಲಸವಲ್ಲ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದ್ದು ಸಂಘಟಿತ ವಲಯದ ಹೆಂಗಸರಿಗೆ. ಬಾಣಂತನ ಮಾಡಲು ಮನೆಮನೆಗೆ ಹೋಗುವವಳು ತಾನು ಹೆತ್ತಾಗ ಆ ರಜೆಯ ಹೊರಗೇ ಉಳಿದಳು. ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಆ ಹೆಜ್ಜೆ ಮನೆಬಾಗಿಲು ದಾಟಿ ಒಳಗೆ ಬರಬೇಕಾಗಿದೆ. ಮದುವೆ ಹಾಲಿಗೆ ಲಕ್ಷಗಟ್ಟಲೆ ಸುರಿಯುವ ಜಮಾಅತ್‌ಗಳು ಊರಿನ ನಾಲ್ಕು ಹೆಂಗಸರಿಗೆ ತರಬೇತಿ ಕೊಡಿಸಿ, ಬಡ ಬಾಣಂತಿಯರ ಮನೆಗೆ ಸಂಬಳಕ್ಕೆ ಕಳಿಸುವ ಯೋಚನೆ ಮಾಡಬಾರದೇಕೆ?

ಮತ್ತೆ ಕತೆಗೆ ಬರೋಣ. ಆ ಮನೆಗೆ ಕೈಗೂಡಿಸಲು ಒಬ್ಬಳು ಬಂದಿದ್ದರೆ ಶಾಯಿಸ್ತಾ ಉಳಿಯುತ್ತಿದ್ದಳೆಂದು ನಾನು ಹೇಳಲಾರೆ. ಸಾಲು ಹೆರಿಗೆಗಳಿಂದ ಬಳಲಿದ ದೇಹಕ್ಕೆ ಆರೈಕೆಗಿಂತ ಮೊದಲು ಬೇಕಿದ್ದದ್ದು ಬಿಡುವು. ಆದರೆ ಆಸಿಫಾ ಮಾತ್ರ ಶಾಲೆಗೆ ಹೋಗುತ್ತಿದ್ದಳು. ಬಾನು ಮುಷ್ತಾಕ್ ಅವರ ಕತೆ ಇಫ್ತಿಕಾರನನ್ನು ನೋಡಿ ನಗಲು ನಮಗೆ ಅವಕಾಶ ಕೊಡುತ್ತದೆ. ನಕ್ಕು ಮುಗಿದ ಮೇಲೆ ಆಸಿಫಾ ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿರುತ್ತಾಳೆ. ಮುಂದಿನ ಹೆರಿಗೆ ನಮ್ಮ ಮನೆಯಲ್ಲಿ ಆಗುವಾಗ, ಆ ಮಗುವನ್ನು ಅವಳ ಕೈಯಿಂದ ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು.